ಸಹಿ ತಾಳೆಯಾಗುತ್ತಿಲ್ಲ

ಒಟೀಲಿಯಾ ಬಾರಾಗಾನಳ ಸಹಿ ಅವಳದಲ್ಲ ಎಂದು ಕೌಂಟಿಯ ಚುನಾವಣಾ ಕಚೇರಿ ಕಾಗದ ಬರೆಯಿತು. ಕಾಗದ ಬಂದದ್ದು ಅವಳ ಹೆಸರಿಗೇ, ಅದೂ ರಿಜಿಸ್ಟರ್ಡ್ ಅಂಚೆಯಲ್ಲಿ. ತಲುಪಿದ್ದಕ್ಕೆ ಸಹಿ ಹಾಕಮ್ಮ ಎಂದಳು ಅಂಚೆಯವಳು. ಹಾಕಿದಳು. ಅಂಚೆಯವಳು ಅದನ್ನು ನೋಡಲೂ ಇಲ್ಲ, ಚೀಟಿ ಹರಿದುಕೊಂಡು ಹೋದಳು. ಒಂದೇ ಸರ್ಕಾರ. ಅದರ ಒಂದು ಕೈಗೆ ಆಗುವ ಸಹಿ ಇನ್ನೊಂದು ಕೈಗೆ ಆಗುವುದಿಲ್ಲ. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಮಾರನೇ ದಿನ ಷೆಡ್ಡಿನಲ್ಲಿ ಆ ಕಾಗದವನ್ನು ಜೋರಾಗಿ ಓದಿದವಳು ಚೋಲೆ. ಒಟೀಲಿಯಾಳ, ಅಂದರೆ ಎಲ್ಲರ ಟೀಲಾಳ, ಪಕ್ಕದ ಮೇಜಿನವಳು, ಹದಿನೈದು ವರ್ಷದ ಗೆಳತಿ, ಬಾಯಿಗೆ ಬೀಗವಿಲ್ಲದವಳು. "ಅರ್ಜಿಯ ಮೇಲಿನ ಸಹಿ ಮತದಾರರ ಕಾರ್ಡಿನ ಸಹಿಗೆ ತಾಳೆಯಾಗುತ್ತಿಲ್ಲ. ಆದ್ದರಿಂದ ತಿರಸ್ಕರಿಸಲಾಗಿದೆ."

"ಟೀಲಕ್ಕಾ, ನಿನ್ ಕೈಯಾಗೆ ಇನ್ಯಾರೋ ಬಂದು ಸಹಿ ಹಾಕವ್ರೆ. ಯಾರವನು ಹೇಳು, ನಿನ್ ಗಂಡಂಗೆ ಹೇಳಾಕಿಲ್ಲ."

ತೊಂಬತ್ತು ಹೆಂಗಸರು ನಕ್ಕರು. ನಗುತ್ತಲೇ ಒಬ್ಬಳು ತನ್ನ ಚೀಲದಿಂದ ಅಂಥದೇ ಕಾಗದ ತೆಗೆದಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಚೋಲೆಯೂ ತನ್ನ ಏಪ್ರನ್ನಿನ ಜೇಬಿನಿಂದ ಒಂದನ್ನು ಎಳೆದಳು. ನಗು ನಿಂತಿತು.

ನೆಲ್ಸ್ ಬೇ ಎಂಬ ಆ ಊರು ಇರುವುದೇ ಸಿಂಪಿಯ ಮೇಲೆ. ಕಡಲಿನಿಂದ ಸಿಂಪಿ ಬರುತ್ತದೆ. ಷೆಡ್ಡಿನಲ್ಲಿ ಹೆಂಗಸರು ಚಿಪ್ಪು ತೆರೆದು ಒಳಗಿನ ಮಾಂಸ ಬಿಡಿಸುತ್ತಾರೆ. ಎಡಗೈಯಲ್ಲಿ ಸಿಂಪಿ, ಬಲಗೈಯಲ್ಲಿ ಮೊಂಡು ಚಾಕು. ಚಿಪ್ಪಿನ ಕೀಲಿಗೆ ಚುಚ್ಚು, ತಿರುವು, ಕೆರೆ, ಬಕೆಟ್ಟಿಗೆ ಹಾಕು. ಮತ್ತೆ ಚುಚ್ಚು. ಕಾಲಡಿ ಒದ್ದೆ ಸಿಮೆಂಟು, ಮೇಜಿನ ತುಂಬ ಮಂಜುಗಡ್ಡೆಯ ನೀರು. ಬೆಳಗಿನ ಐದರಿಂದ ಮಧ್ಯಾಹ್ನ ಒಂದರ ತನಕ. ಟೀಲಾ ಇದನ್ನು ಹತ್ತೊಂಬತ್ತು ವರ್ಷ ಮಾಡಿದ್ದಳು. ಅವಳ ಬಲಗೈಯ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿದೆ. ಕಿರುಬೆರಳು ಸೆಟೆದಿದೆ. ಬೆಳಿಗ್ಗೆ ಎದ್ದರೆ ಅಂಗಿಯ ಗುಂಡಿ ಗಂಡನೇ ಹಾಕಬೇಕು. ಅವನು ಒಂದು ಗುಂಡಿ ತಪ್ಪಿಸಿ ಹಾಕುತ್ತಾನೆ, ಇವಳು ಬೈಯುತ್ತಾಳೆ. ಇದು ದಿನದ ಮಾತು.

ಮೂತ್ರಕ್ಕೆ ಹೋಗಬೇಕಾದರೆ ಮೇಸ್ತ್ರಿಯ ಹತ್ತಿರ ಮರದ ಬಿಲ್ಲೆ ಕೇಳಬೇಕು. ತೊಂಬತ್ತು ಜನಕ್ಕೆ ಒಂದೇ ಬಿಲ್ಲೆ. ಹೋದವಳು ಬರುವ ತನಕ ಉಳಿದವರು ಕಾಲು ಬಿಗಿಹಿಡಿದು ಚುಚ್ಚುತ್ತಿರಬೇಕು. ಹಿಂದಿನ ಚಳಿಗಾಲದಲ್ಲಿ ಚೋಲೆ ನಿಂತಲ್ಲೇ ಮಾಡಿಕೊಂಡಳು. ಸಿಮೆಂಟು ಹೇಗೂ ಒದ್ದೆ, ಯಾರಿಗೂ ಗೊತ್ತಾಗಲಿಲ್ಲ ಎಂದು ಅವಳೇ ತಮಾಷೆ ಮಾಡಿ ಹೇಳಿದಳು. ಹೇಳಿ ಅರ್ಧ ಗಂಟೆ ಅತ್ತಳು.

ಷೆಡ್ಡಿನ ಗೇಟಿನಲ್ಲಿ ಒಂದು ಹಸಿರು ಹಲಗೆ ಇತ್ತು. "ಒಂದೂ ಗಾಯವಿಲ್ಲದ ದಿನಗಳು" ಎಂದು ಬರೆದಿತ್ತು. ಕೆಳಗೆ ನಾಲ್ಕು ಕೊಕ್ಕೆ, ಕೊಕ್ಕೆಗೊಂದು ಅಂಕಿ. ಹನ್ನೊಂದು ವರ್ಷದಿಂದ ಮೇಸ್ತ್ರಿ ಬೆಳಿಗ್ಗೆ ಬಂದು ಒಂದು ಅಂಕಿ ಏರಿಸುತ್ತಿದ್ದ. ಚೋಲೆಯ ತೋರುಬೆರಳಿನ ತುದಿ ಚಾಕುವಿಗೆ ಹೋದಾಗ ಮೇಸ್ತ್ರಿ ತಾನೇ ಬಟ್ಟೆ ಸುತ್ತಿದ್ದ. "ಮನೇಲಿ ಅಡಿಗೆ ಮಾಡೋವಾಗ ಅಂತ ಬರಿ, ನಾಳೆ ಕೆಲಸ ಇರುತ್ತೆ" ಎಂದಿದ್ದ. ಬೆರಳಿನ ತುದಿ ಸಿಂಪಿಯ ಬಕೆಟ್ಟಿನಲ್ಲಿ ಎಲ್ಲಿಗೆ ಹೋಯಿತೋ, ಯಾರು ತಿಂದರೋ. ಮಾರನೇ ದಿನ ಹಲಗೆಯ ಮೇಲೆ ಒಂದು ಅಂಕಿ ಏರಿತು.

ಈ ಹೆಂಗಸರಿಗೆ ಒಂದು ಸಂಘ. ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಮೊದಲು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಜ್ವರಕ್ಕೆ ಔಷಧಿ ಹಂಚುತ್ತಿದ್ದರು. ಆ ವಸಂತದಲ್ಲಿ ಟೀಲಾ ಎದ್ದು ನಿಂತು ಒಂದು ಮಾತು ಹೇಳಿದಳು. "ಕಂಪನೀನ ಕೇಳಿ ಸಾಕಾಯ್ತು. ಇನ್ನು ಊರನ್ನೇ ಕೇಳಾಣ." ಆ ಊರಿನಲ್ಲಿ ಹಾಗೆ ಕೇಳಲು ದಾರಿ ಇದೆ. ಕಾನೂನಿನ ಮಾತನ್ನು ನೀವೇ ಬರೆಯಬಹುದು, ಊರಿನ ಮತದಾರರಲ್ಲಿ ನಾನೂರ ಹನ್ನೆರಡು ಜನರ ಸಹಿ ತಂದರೆ ಅದು ಒಂದು ಪ್ರಶ್ನೆಯಾಗಿ ನವೆಂಬರಿನ ಮತಪತ್ರಕ್ಕೆ ಏರುತ್ತದೆ, ಊರು ಹೌದು ಇಲ್ಲ ಎನ್ನುತ್ತದೆ. ಅವರು ಬರೆದದ್ದು ಎರಡೇ ಸಾಲು. ಸಿಂಪಿ ಬಿಡಿಸುವವರಿಗೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಅದ್ದಲು ಬಿಡುವು. ಮೂತ್ರಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ನೋಡಿ, ಇಷ್ಟಕ್ಕೆ ಒಂದು ಚುನಾವಣೆ ಬೇಕು!

ಕಾನೂನು ನೋಡಿಕೊಳ್ಳಲು ಬಂದವನು ಆರ್ನೆ ಹಾಲ್ವರ್ಸನ್. ಎಪ್ಪತ್ತು ದಾಟಿದವನು. ಬಂದರಿನ ಸುಂಕದ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಇದು ತಪ್ಪು, ಅದು ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರೆದು ನಿವೃತ್ತನಾದವನು. ಕಿಸೆಯಲ್ಲಿ ನೀಲಿ ಪುಸ್ತಕ. ಹೆಂಗಸರು ಏನೇ ಹೇಳಲಿ, ಪುಸ್ತಕ ತೆಗೆದು ನೋಡಿ "ಬೇಡ" ಎನ್ನುತ್ತಿದ್ದ. ಎದುರಿಗೆ ಅವನು ದೋನ್ ಆರ್ನೆ, ದೋನ್ ಎಂದರೆ ಅವರ ಮಾತಿನಲ್ಲಿ ಯಜಮಾನರು. ಹಿಂದಿನಿಂದ ಬೇಡಪ್ಪ.

ಮೊದಲನೇ ಶನಿವಾರ ಚೋಲೆ ಸಹಿಯ ಮೇಜಿನ ಮೇಲೆ ತಮಾಲೆಯ ಪಾತ್ರೆ ಇಟ್ಟಳು. ಜೋಳದ ಗರಿಯಲ್ಲಿ ಸುತ್ತಿ ಬೇಯಿಸಿದ ಕಡುಬು, ಹಬೆ ಆಡುತ್ತಿತ್ತು. ಬೇಡಪ್ಪ ದಾಪುಗಾಲು ಹಾಕಿ ಬಂದ.

"ಬೇಡ ಬೇಡ! ಸಹಿಗೆ ಪ್ರತಿಯಾಗಿ ಏನೂ ಕೊಡಬಾರದು. ಕಾನೂನು."

"ಸಹಿಗಲ್ಲ ಯಜಮಾನ್ರೇ, ಹಸಿವಿಗೆ."

"ಹಸಿವೂ ಮೇಜಿನಿಂದ ಹತ್ತು ಅಡಿ ದೂರ ಇರಲಿ." ಟೇಪು ಹಿಡಿದು ಅಳೆದ. ಪಾತ್ರೆ ಹತ್ತಡಿ ದೂರ ಹೋಯಿತು. ಜನ ಮೊದಲು ಪಾತ್ರೆಗೆ ಹೋದರು, ಮೇಜಿಗೆ ಬರಲೇ ಇಲ್ಲ. ಬೇಡಪ್ಪನೂ ಎರಡು ತಮಾಲೆ ತಿಂದ, ಮೇಜಿಗೆ ಬೆನ್ನು ಹಾಕಿ ನಿಂತು.

ಕರಪತ್ರದಲ್ಲಿ ಅಚ್ಚು ಹಾಕಿಸಿದವರ ಹೆಸರಿಲ್ಲ, ಬೇಡ. ಸಹಿಯ ಹಾಳೆಯ ಪಿನ್ನು ಕೀಳಬಾರದು. ಪೆನ್ಸಿಲ್ಲು ಬೇಡ. ಅವರ ಸಹಿ ಇವರು ಹಾಕಬಾರದು, ಕೈ ಹಿಡಿದೂ ಹಾಕಿಸಬಾರದು. ಎಲ್ಲಕ್ಕಿಂತ ದೊಡ್ಡ ಬೇಡ ಇನ್ನೊಂದಿತ್ತು. ಕಂಪನಿಯ ಧಣಿಯ ಭಾವಮೈದ ಅದೇ ಚುನಾವಣೆಗೆ ನಿಂತಿದ್ದ. "ನಮ್ಮದು ಧರ್ಮಾರ್ಥ ಸಂಘ. ಪ್ರಶ್ನೆಯ ಪರ ಮಾತಾಡಬಹುದು. ಅಭ್ಯರ್ಥಿಯ ಪರವಾಗೂ ಬೇಡ, ವಿರೋಧವಾಗೂ ಬೇಡ. ಆತನ ಹೆಸರೇ ಎತ್ತಬೇಡಿ" ಎಂದ ಬೇಡಪ್ಪ. ಸರಿ, ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಡತಿಯರ ಹಾಗೆ ಹೆಂಗಸರು ಆ ಬೇಸಿಗೆ ಪೂರ್ತಿ 'ಅವರು' ಎಂದೇ ದಾಟಿಸಿದರು. "ಅವರ ಮೋರೆಯ ಪಟ ಕಂಬದ ಮೇಲೈತೆ, ನಾಯಿ ಆದ್ರೂ ಕಾಲೆತ್ತಿ ಅಭಿಪ್ರಾಯ ಹೇಳ್ಬೋದಾ ದೋನ್ ಆರ್ನೆ?" ಎಂದು ಚೋಲೆ ಕೇಳಿದಳು. ನಾಯಿ ಸಂಘದ ಸದಸ್ಯ ಅಲ್ಲದಿದ್ದರೆ ಹೇಳಬಹುದು ಎಂದ ಬೇಡಪ್ಪ, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ.

ನಾನೂರ ಅರವತ್ತು ಸಹಿ ಆದವು. ಒಂದು ಚಿತ್ತಿಲ್ಲ, ಒಂದು ಪಿನ್ನು ಕಿತ್ತಿಲ್ಲ. ಬೇಡಪ್ಪ ಹಾಳೆಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೌಂಟಿ ಕಚೇರಿಗೆ ಕೊಟ್ಟು ಬಂದ. ಕಂಪನಿಯ ವಕೀಲ ಪೆಲ್ಹಮ್ ತಕರಾರು ಹಾಕಿದ. ಸಹಿಗಳು ಕಾರ್ಡಿಗೆ ತಾಳೆಯಿಲ್ಲ, ಯಾರೋ ಒಬ್ಬರೇ ಕೂತು ಗೀಚಿದ್ದಾರೆ ಎಂದ. ಕಚೇರಿ ತಾಳೆ ನೋಡಿತು. ಅರವತ್ತೊಂದು ಬಿದ್ದುಹೋದವು. ಉಳಿದದ್ದು ಮುನ್ನೂರ ತೊಂಬತ್ತೊಂಬತ್ತು. ಹದಿಮೂರು ಕಡಿಮೆ. ಶುಕ್ರವಾರ ಸಂಜೆ ಐದರೊಳಗೆ ಸರಿಪಡಿಸದಿದ್ದರೆ ಪ್ರಶ್ನೆಯೇ ಇಲ್ಲ, ಬಿಸಿನೀರೂ ಇಲ್ಲ, ಬಿಲ್ಲೆಯೇ ಗತಿ.

ಸಂಘದ ಕೋಣೆಯಲ್ಲಿ ಬೇಡಪ್ಪ ಬಿದ್ದ ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದ. ಪ್ರತಿ ಹೆಸರಿಗೂ ಕೆಲಸಕ್ಕೆ ಸೇರಿದ ವರ್ಷ ಕೇಳಿ ಬರೆದುಕೊಂಡ. ಬರೆದು ಮುಗಿಸಿ ಕನ್ನಡಕ ತೆಗೆದ.

"ಹತ್ತು ವರ್ಷಕ್ಕಿಂತ ಹೆಚ್ಚು ಷೆಡ್ಡಲ್ಲಿ ಇರೋರದ್ದೇ ಎಲ್ಲ. ಹೊಸಬರದ್ದು ಒಂದೂ ಬಿದ್ದಿಲ್ಲ."

 ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಟೀಲಾ ಕಾಗದದ ತುಣುಕಿನ ಮೇಲೆ ತನ್ನ ಹೆಸರು ಬರೆದು ನೋಡಿದಳು. ಪೆನ್ನನ್ನು ಚಾಕು ಹಿಡಿದ ಹಾಗೆ ಹಿಡಿಯಬೇಕು, ಬೇರೆ ಹಿಡಿತ ಆ ಕೈಗೆ ಬರುವುದಿಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಪೌರತ್ವದ ಪರೀಕ್ಷೆಗೆಂದು ಅಕ್ಷರ ಕಲಿತವಳು ಅವಳು. ಆಗ ಅವಳ ಹೆಸರಿನ ಮೊದಲಿನ ಓ ದುಂಡಗೆ, ಪಕ್ಕದಲ್ಲಿ ಒಂದು ಬಾಲ. ಆ ಬಾಲಕ್ಕೇ ಎರಡು ವಾರ ತಿದ್ದಿದ್ದಳು. ಈಗಿನ ಓ ಮುಚ್ಚುವುದೇ ಇಲ್ಲ. ಬಾಯಿ ಬಿಟ್ಟ ಸಿಂಪಿ.

ಗುರುವಾರ ಬೇಡಪ್ಪ ಓಡುತ್ತಾ ಬಂದ. ಎಪ್ಪತ್ತರ ಮುದುಕ ಓಡಿದ್ದು ಆ ಊರು ನೋಡಿದ್ದು ಅದೇ ಮೊದಲು.

"ಆಗುತ್ತೆ! ಆಗುತ್ತೆ!"

ಹೆಂಗಸರಿಗೆ ಆ ಬಾಯಲ್ಲಿ ಆ ಮಾತು ಅರ್ಥವೇ ಆಗಲಿಲ್ಲ. "ಏನ್ ಆಗುತ್ತೆ? ಎದೆ ನೋವು ಆಗುತ್ತಾ?" ಎಂದಳು ಚೋಲೆ.

"ಕಾನೂನಲ್ಲಿ ದಾರಿ ಇದೆ. ಸಹಿ ಹಾಕಲಾರದವರು ಒಂದು ಇಂಟು ಗುರುತು ಹಾಕಬಹುದು. ಇಬ್ಬರು ಸಾಕ್ಷಿ ಸಾಕು. ಕೌಂಟಿ ಕಚೇರಿಯ ಮಿಸೆಸ್ ಡಾರೋ ಅವರೇ ಹೇಳಿದರು. ಹದಿಮೂರು ಇಂಟು! ಅಷ್ಟೇ!"

ಚೋಲೆ ಅವನನ್ನು ತಬ್ಬಿಕೊಂಡಳು. ಕೋಣೆಯಲ್ಲಿ ಕೇಕೆ ಎದ್ದಿತು. ಆ ಗಲಾಟೆಯಲ್ಲಿ ಟೀಲಾ ಒಂದು ಮಾತು ಹೇಳಿದ್ದು ಮೊದಲು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು.

"ಬೇಡ."

"ಏನು?"

"ನಾ ಇಂಟು ಹಾಕಾಕಿಲ್ಲ."

 ತನ್ನ ಮಾತನ್ನು ಇನ್ನೊಬ್ಬರು ಆಡಿದರೆ ಹೇಗಿರುತ್ತದೆ ಎಂದು ಬೇಡಪ್ಪನಿಗೆ ಆ ದಿನ ಗೊತ್ತಾಯಿತು.

ಚೋಲೆಗೆ ಸಿಟ್ಟು ನೆತ್ತಿಗೇರಿತು. "ನಿನ್ ಕೊಬ್ಬಿಗೆ ನಾವು ನಿಂತಲ್ಲೇ ಉಚ್ಚೆ ಹುಯ್ಕೊಂಡು ಸಾಯ್ಬೇಕಾ? ಎರಡು ಗೆರೆ ಎಳೆಯಾಕೆ ನಿಂಗೇನು ರೋಗ?"

"ನಮ್ಮವ್ವ ಹಾಕಿದ್ಲು ಇಂಟು. ನಂಗಾಗ ಒಂಬತ್ತು ವರ್ಷ, ಪಕ್ಕದಾಗೇ ನಿಂತಿದ್ದೆ. ಕೋಟು ಹಾಕ್ಕೊಂಡು ಒಬ್ಬ ಬಂದಿದ್ದ. ಸುಮ್ನೆ ಒಂದು ಗುರುತು ಕಣಮ್ಮ, ಗೊಬ್ಬರಕ್ಕೆ ಅಂದ. ಹಾಕಿದ್ಲು. ಹೊಲ ಹೋಯ್ತು." ಟೀಲಾ ಎದ್ದು ಸ್ವೆಟರ್ ಎಳೆದುಕೊಂಡಳು. "ನೀವು ಹಾಕಿ. ಬ್ಯಾಡ ಅನ್ನಾಕಿಲ್ಲ. ನನ್ ಕೈಲಿ ಮಾತ್ರ ಆಗಾಕಿಲ್ಲ."

ಶುಕ್ರವಾರ ಪಾಳಿ ಮುಗಿಸಿ ಬಟ್ಟೆ ಬದಲಿಸದೆ, ಸಹಿ ಬಿದ್ದುಹೋದವರಲ್ಲಿ ನಲವತ್ತನಾಲ್ಕು ಜನ ಕೌಂಟಿ ಕಚೇರಿಗೆ ಹೋದರು. ಕೋಣೆಯೆಲ್ಲ ಕಡಲಿನ ವಾಸನೆ. ಡಾರೋ ಕಿಟಕಿ ತೆಗೆಯಲಿಲ್ಲ, ಪೆಲ್ಹಮ್ ಎದ್ದು ಹೋಗಿ ತೆಗೆದ. ಹೊರಗೂ ಅದೇ ವಾಸನೆ. ಟೀಲಾ ಕೊನೆಯ ಬೆಂಚಿನಲ್ಲಿ ಕೂತಳು. ಚೋಲೆ ಅವಳ ಕಡೆ ನೋಡದೆ ಎಲ್ಲರಿಗಿಂತ ಮೊದಲು ಮೇಜಿಗೆ ಹೋದಳು.

ಡಾರೋ ಒಂದು ಫಾರಂ ಕೊಟ್ಟಳು. "ಇಲ್ಲಿ ಗುರುತು ಹಾಕಿ. ಅದಕ್ಕೂ ಮೊದಲು ಕಾರಣ ಹೇಳಬೇಕು. ಎರಡು ಚೌಕ ಇದೆ. ಬರೆಯಲು ಬಾರದು, ಅಥವಾ ಕೈಗೆ ಊನ."

"ನಂಗೆ ಬರೆಯಾಕೆ ಬರ್ತೈತೆ," ಎಂದಳು ಚೋಲೆ. "ಊನಕ್ಕೆ ಹಾಕ್ತೀನಿ."

"ಹಾಗಾದರೆ ಕೆಳಗೆ ಬರೀಬೇಕು. ಎಲ್ಲಿ ಆಯಿತು, ಹೇಗೆ ಆಯಿತು."

"ಎಲ್ಲಿ ಅಂದ್ರೆ? ಷೆಡ್ಡಲ್ಲಿ."

ಪೆಲ್ಹಮ್ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. "ತಕರಾರು! ಅದನ್ನ ಸರ್ಕಾರಿ ಕಾಗದದಲ್ಲಿ ಬರೆಯೋ ಹಾಗಿಲ್ಲ. ಕಂಪನೀಲಿ ಒಂದೇ ಒಂದು ಗಾಯ ಆಗಿಲ್ಲ. ಪ್ರಮಾಣ ಮಾಡಿ ಕೊಟ್ಟ ದಾಖಲೆ ಇದೆ." ಆಮೇಲೆ ದನಿ ಇಳಿಸಿ, ಬೆಣ್ಣೆ ಸವರಿ, ಚೋಲೆಯ ಕಡೆ ಬಾಗಿದ. "ಮೊದಲನೇ ಚೌಕಕ್ಕೆ ಹಾಕಿಬಿಡಿ ಅಮ್ಮಾ, ಬರೆಯಲು ಬಾರದು ಅಂತ. ನಮ್ಮದೇನೂ ಅಡ್ಡಿ ಇಲ್ಲ. ಸುಮ್ಮನೆ ಒಂದು ಗುರುತು ತಾನೇ?"

ಚೋಲೆ ಪೆನ್ನು ಕೆಳಗಿಟ್ಟಳು. ನಿಧಾನವಾಗಿ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದಳು.

"ಟೀಲಕ್ಕಾ. ನಿಮ್ಮೂರಿಗೆ ಬಂದಿದ್ನಲ್ಲ ಕೋಟಿನವ್ನು, ಅವ್ನು ಇಲ್ಲಿಗೂ ಬಂದವ್ನೆ. ನೀನೇ ಬಾ."

ಟೀಲಾ ಬಂದಳು. ಫಾರಂ ಪಕ್ಕಕ್ಕೆ ಸರಿಸಿದಳು. ತನ್ನ ಬಲಗೈಯನ್ನು ಮೇಜಿನ ಮೇಲೆ ಇಟ್ಟಳು. ಬೆರಳ ಸಂದಿಯಲ್ಲಿ ಬಿಳಿ ಗಾಯದ ಗೆರೆಗಳು, ಊದಿದ ಗಿಣ್ಣು, ಒಳಕ್ಕೆ ಮಡಚಿದ ಹೆಬ್ಬೆರಳು. ಡಾರೋ ನೋಡಿದಳು. ಪೆಲ್ಹಮ್ ಗೋಡೆಯ ಗಡಿಯಾರ ನೋಡಿದ.

"ವಕೀಲ್ರೇ, ಗೇಟಿನ ಹಲಗೆ ಮೇಲೆ ಇವತ್ತು ನಾಲ್ಕು ಸಾವಿರದ ಹದಿನೆಂಟು ಅಂತ ಐತೆ. ನಿಜಾನಾ?"

"ಖಂಡಿತ ನಿಜ."

"ಒಂದೂ ಗಾಯ ಇಲ್ಲ."

"ಒಂದೂ ಇಲ್ಲ."

"ಅಂದ್ರೆ ನನ್ ಕೈ ಚೆನ್ನಾಗೈತೆ."

"ಚೆನ್ನಾಗಿಲ್ಲದಿದ್ದರೆ ದಿನಾ ಎಂಟು ಗಂಟೆ ಕೆಲಸ ಹೇಗೆ ಮಾಡ್ತೀರಿ?"

"ಮೇಡಂ, ಅದನ್ನ ಬರ್ಕೊಳಿ," ಎಂದು ಟೀಲಾ ಡಾರೋಗೆ ಹೇಳಿದಳು. ಡಾರೋ ಬರೆದುಕೊಂಡಳು. "ಕೈ ಚೆನ್ನಾಗಿದ್ರೆ ಆ ಸಹಿ ನಂದೇ, ಯಾಕಂದ್ರೆ ಹಾಕಿದ್ದು ಈ ಕೈ, ಎಲ್ಲರ ಎದುರಿಗೆ. ಸಹಿ ನಂದಲ್ಲ ಅಂದ್ರೆ ಕೈ ಕೆಟ್ಟೈತೆ. ಕೆಟ್ಟಿದ್ದು ಇವ್ರ ಷೆಡ್ಡಲ್ಲಿ. ಎರಡರಾಗೆ ಒಂದು ಬರ್ಕೊಳಿ. ಯಾವ್ದು ಅಂತ ವಕೀಲ್ರೇ ಹೇಳ್ಲಿ. ನಾ ಮಾತ್ರ ಬರೆಯಾಕೆ ಬರಾಕಿಲ್ಲ ಅಂತ ಇಂಟು ಹಾಕಾಕಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಈ ಮೇಜಿನ ಮೇಲೇ ಸಹಿ ಹಾಕಿದೀನಿ. ತಗೊಂಡವ್ರು ನೀವೇ."

ಕೋಣೆಯಲ್ಲಿ ಮೊದಲು ನಕ್ಕವನು ಬೇಡಪ್ಪ. ಅವನಿಗೆ ನಗಲು ಬರುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ನೀಲಿ ಪುಸ್ತಕದಿಂದ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿ ನಕ್ಕ.

"ಮಿಸ್ಟರ್ ಪೆಲ್ಹಮ್," ಎಂದಳು ಡಾರೋ, "ಯಾವುದು ಬರ್ಕೊಳ್ಳಲಿ?"

ಪೆಲ್ಹಮ್ ಫೋನು ಹಿಡಿದು ಹೊರಗೆ ಹೋದ. ಕಿಟಕಿ ಅವನೇ ತೆಗೆದಿಟ್ಟಿದ್ದ. ಅವನು ಯಾರಿಂದಲೋ ಬೈಸಿಕೊಳ್ಳುವುದು ಒಳಗಿನವರಿಗೆಲ್ಲ ಚೆನ್ನಾಗಿ ಕೇಳಿಸಿತು. ಒಳಗೆ ಬಂದಾಗ ಮೂರೂಕಾಲು. ತಕರಾರು ವಾಪಸು ತೆಗೆದುಕೊಳ್ಳುತ್ತೇವೆ ಎಂದ.

"ಬಾಯಿಮಾತು ಬೇಡ," ಎಂದ ಬೇಡಪ್ಪ. "ಬರೆದು ಸಹಿ ಹಾಕಿ."

ಪೆಲ್ಹಮ್ ಹಾಕಿದ. "ಮೇಡಂ, ತಾಳೆ ನೋಡ್ಕೊಳಿ," ಎಂದಳು ಚೋಲೆ. "ಆ ವಯ್ಯನ ಕೈ ಸಿಕ್ಕಾಪಟ್ಟೆ ನಡುಗ್ತಾ ಐತೆ."

ತಕರಾರು ಇಲ್ಲದ ಮೇಲೆ ನನ್ನೆದುರು ಹೊಸದಾಗಿ ಸಹಿ ಹಾಕಿದರೆ ಸಾಕು ಎಂದಳು ಡಾರೋ. ಒಬ್ಬೊಬ್ಬರೇ ಅವಳ ಕಣ್ಣೆದುರು ಸಹಿ ಹಾಕಿದರು. ಒಂದೊಂದಕ್ಕೆ ಎರಡು ನಿಮಿಷ ಹಿಡಿಯಿತು. ಒಬ್ಬಳು ಎರಡು ಕೈಯಲ್ಲೂ ಪೆನ್ನು ಹಿಡಿದಳು. ಬೇಡಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಸಹಾಯ ಮಾಡಬಾರದು, ಅದು ಅವನದೇ ನಿಯಮ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ. ಹದಿಮೂರನೆಯ ಸಹಿ ಆದಾಗ ಡಾರೋ ತಲೆ ಎತ್ತಿ "ಸಾಕು, ಲೆಕ್ಕ ತುಂಬಿತು" ಎಂದಳು. ಯಾರೂ ಸಾಲು ಬಿಡಲಿಲ್ಲ. ನಲವತ್ತನಾಲ್ಕೂ ಆಗಬೇಕು ಎಂದರು.

ಕೊನೆಗೆ ಟೀಲಾ. ಡಾರೋ ಹಳೆಯ ಕಾರ್ಡನ್ನು ಪಕ್ಕದಲ್ಲಿಟ್ಟಳು. ದುಂಡನೆಯ ಓ, ಅದರ ಬಾಲ. ಟೀಲಾ ಅದನ್ನು ತುಂಬ ಹೊತ್ತು ನೋಡಿದಳು. ಅದರ ಕೆಳಗೆ ಹೊಸದು ಹಾಕಿದಳು. ಓ ಮುಚ್ಚಲಿಲ್ಲ.

"ಹಳೇ ಸಹಿ ತುಂಬಾ ಚೆನ್ನಾಗಿತ್ತು," ಎಂದಳು ಡಾರೋ.

"ಹೂಂ. ಕೈಯೂ ಚೆನ್ನಾಗಿತ್ತು."

ಸೋಮವಾರ ಬೆಳಿಗ್ಗೆ ಐದಕ್ಕೆ ಗೇಟಿನ ಹತ್ತಿರ ಬೇಡಪ್ಪ ಕರಪತ್ರ ಹಿಡಿದು ನಿಂತಿದ್ದ. ಕಂಪನಿಯ ನೆಲದ ಹಳದಿ ಗೆರೆಯಿಂದ ಸರಿಯಾಗಿ ಒಂದು ಅಡಿ ಹೊರಗೆ, ಊರಿನ ರಸ್ತೆಯ ಮೇಲೆ. ಹೆಂಗಸರು ಬಂದರು. ಹಲಗೆಯ ಮುಂದೆ ನಿಂತರು.

ಅಂಕಿಗಳು ಇರಲಿಲ್ಲ. ವಕೀಲ ತೆಗೆಸಿದ್ದ. ಏರಿಸಿದರೆ ಒಂದು ತಾಪತ್ರಯ, ಇಳಿಸಿದರೆ ಇನ್ನೊಂದು. "ಒಂದೂ ಗಾಯವಿಲ್ಲದ ದಿನಗಳು" ಎಂಬುದರ ಕೆಳಗೆ ನಾಲ್ಕು ಖಾಲಿ ಕೊಕ್ಕೆ.

ಟೀಲಾ ಚೀಲದಿಂದ ತನ್ನ ಹಳೆಯ ರಬ್ಬರಿನ ಕೈಗವಸು ತೆಗೆದಳು. ಹಾಕಿ ಹಾಕಿ ಅದೂ ಕೈಯ ಹಾಗೇ ಆಗಿತ್ತು, ಹೆಬ್ಬೆರಳು ಒಳಕ್ಕೆ, ಕಿರುಬೆರಳು ಸೆಟೆದು. ಮೊದಲನೇ ಕೊಕ್ಕೆಗೆ ನೇತುಹಾಕಿದಳು. ಚೋಲೆ ತನ್ನದನ್ನು ಎರಡನೆಯದಕ್ಕೆ ಹಾಕಿದಳು. ಅದರ ತೋರುಬೆರಳಿನ ತುದಿ ಇರಲಿಲ್ಲ. ಇನ್ನೂ ಎರಡು ಬಂದವು. ಆಮೇಲೆ ಎಲ್ಲರೂ ಗೆರೆಯ ಆಚೆ ನಿಂತ ಮುದುಕನ ಕಡೆ ತಿರುಗಿದರು. ಈಗ ಅವನು ಬೇಡ ಎನ್ನುತ್ತಾನೆ ಎಂದು ಕಾದರು.

ಬೇಡಪ್ಪ ನೀಲಿ ಪುಸ್ತಕ ತೆಗೆದ. ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿದ. ಮೊದಲಿಂದ ಕೊನೆಯ ತನಕ ನೋಡಿದ. ಮುಚ್ಚಿ ಕಿಸೆಗೆ ಇಟ್ಟ.

"ಇದರ ಬಗ್ಗೆ ಕಾನೂನು ಏನೂ ಹೇಳಿಲ್ಲ," ಎಂದ.

ಮೇಸ್ತ್ರಿ ಓಡಿ ಬಂದ. ನಾಲ್ಕು ಸೊಟ್ಟ ಕೈಗಳು ಗಾಳಿಗೆ ಅಲ್ಲಾಡುತ್ತಿದ್ದವು. "ಯಾರದಿದು? ಯಾರ ಕೈಗವಸು ಇವು?" ಎಂದು ಕಿರುಚಿದ.

ಟೀಲಾ ಒಳಗೆ ಹೋಗುತ್ತಿದ್ದವಳು ತಿರುಗಿ ಹೇಳಿದಳು.

"ತಾಳೆ ನೋಡ್ಕೊಳಿ."